ಕೇಳಿ ಪಡೆದ ಹಾಡು

ಇದನ್ನು ಹೇಳುವುದಕ್ಕೆ ನಾನು ಯಾರ ಒಪ್ಪಿಗೆಯನ್ನೂ ಕೇಳಿಲ್ಲ, ಕ್ಷಮೆ ಇರಲಿ. ಕೇಳಿದ್ದರೆ ತಿನೈ ಇಲ್ಲ ಅನ್ನುತ್ತಿರಲಿಲ್ಲ, ಅನ್ನುವುದಕ್ಕೆ ಆಗುತ್ತಲೂ ಇರಲಿಲ್ಲ. ಅದಕ್ಕೇ ಕೇಳಲಿಲ್ಲ. ಕಥೆ ಕಟ್ಟುವುದು ನನ್ನ ಕಸುಬಲ್ಲ. ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು.

"ಮಿಸ್, ನಾವು ಆಗ್ಲೇ ಮುಳುಗಿ ಹೋಗಿದ್ದೀವಂತೆ!"

ಹಿಂದಿನ ಬೆಂಚಿನಿಂದ ಯಾರೋ ಕೂಗಿದ್ದಕ್ಕೆ ತರಗತಿಯೆಲ್ಲ ನಕ್ಕಿತು. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಸೆಕೆ. ಮೂವರಿಗೊಂದರಂತೆ ಹಂಚಿದ್ದ ಕಂಪ್ಯೂಟರುಗಳ ಮುಂದೆ ಮಕ್ಕಳು ಒತ್ತೊತ್ತಿಗೆ ಕೂತಿದ್ದರು. ತಿನೈ ಆ ಪರದೆಯ ಬಳಿ ಹೋಗಿ ಬಾಗಿ ನೋಡಿದಳು. ಸೊಂಟಮಟ್ಟದ ನೀರಿನಲ್ಲಿ ನಿಂತ ಒಂದು ಮನೆ, ಕೆಳಗೆ ದೊಡ್ಡ ಅಕ್ಷರಗಳಲ್ಲಿ ಅವರದೇ ದ್ವೀಪದ ಹೆಸರು ಹಾಕಿ 'ತರಾವಾ: ಸಮುದ್ರ ನುಂಗಿದ ದ್ವೀಪ'.

"ನಗೋದು ಆಮೇಲೆ. ಬೋರ್ಡ್ ನೋಡಿ" ಎಂದಳು. ಬೋರ್ಡಿನ ಮೇಲೆ ಅವಳೇ ಬರೆದಿದ್ದ ಪ್ರಶ್ನೆಗಳಿದ್ದವು: ಯಾರು ಹೇಳುತ್ತಿದ್ದಾರೆ? ಯಾವಾಗ ಹೇಳಿದ್ದು? ಅವರಿಗೆ ಹೇಗೆ ಗೊತ್ತು?

"ಇದು ನಮ್ಮೂರಲ್ಲ ಮಿಸ್" ಎಂದಳು ಕತಿಮೀರ. "ಹಿಂದ್ಗಡೆ ಬೆಟ್ಟ ಇದೆ ನೋಡಿ. ನಮ್ಮಲ್ಲಿ ಬೆಟ್ಟ ಎಲ್ಲಿಂದ ಬರ್ಬೇಕು?"

ತಿನೈಗೆ ಖುಷಿಯಾಯಿತು. ಕತಿಮೀರ ಹಾಗೆಯೇ, ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಹಿಡಿದುಕೊಳ್ಳುವ ಹುಡುಗಿ. ದೂರದ ನೆಂಟಸ್ತಿಕೆಯೂ ಇತ್ತು. ತಿನೈಯ ಅಪ್ಪನ ಚಿಕ್ಕಪ್ಪನ ಮರಿಮಗಳು. ಈ ದ್ವೀಪದಲ್ಲಿ ಅಷ್ಟು ದೂರದ ನೆಂಟಸ್ತಿಕೆ ದೂರದ್ದೇನಲ್ಲ.

ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ನಂಬಬಾರದು, ಬೇರೆಯವರು ಮಾಡಿದ್ದನ್ನು ಕೇಳದೆ ಎತ್ತಿಕೊಳ್ಳಬಾರದು: ಇದು ಆ ವರ್ಷ ಹೊಸದಾಗಿ ಬಂದ ಪಾಠ. ಕಲಿಸಲು ಯಾರೂ ಮುಂದೆ ಬರದಿದ್ದಾಗ ಹೆಡ್‌ಮಾಸ್ಟರ್ ಬೇತೆರೊ ಅದನ್ನು ತಿನೈಗೆ ಕೊಟ್ಟಿದ್ದರು. ಅವಳು ರಾತ್ರಿಯೆಲ್ಲ ಓದಿ, ತನಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಅಳುಕಿ, ತರಗತಿಗೆ ಬರುತ್ತಿದ್ದಳು. ಮಕ್ಕಳಿಗೆ ತಪ್ಪು ಹೇಳಿಕೊಟ್ಟುಬಿಟ್ಟರೆ ಎಂಬ ಹೆದರಿಕೆ ಅವಳನ್ನು ಎಂದೂ ಬಿಟ್ಟಿರಲಿಲ್ಲ.

ಆ ದಿನವೇ, ಗಂಟೆ ಹೊಡೆಯುವ ಸ್ವಲ್ಪ ಮುಂಚೆ, ಕತಿಮೀರ ಕೈಯೆತ್ತಿದಳು. ಈ ಸಲ ಅವಳ ದನಿ ಸಣ್ಣಗಿತ್ತು.

"ಮಿಸ್, ಇಲ್ಲಿ ಬನ್ನಿ. ಇದು ಯೊತೇಬ ಅಜ್ಜನ ಹಾಡಲ್ವಾ? ನಿಮ್ಮನೇದು?"

ಪರದೆಯ ಮೇಲೆ ಊರಿನ ಮನೆಯಾಬ, ನೆಂಟರೆಲ್ಲ ಸೇರುವ ಗೋಡೆಯಿಲ್ಲದ ದೊಡ್ಡ ಚಾವಡಿ. ಕೇದಿಗೆ ಚಾಪೆಗಳ ಮೇಲೆ ಸಾಲಾಗಿ ಕೂತವರು ಕೈಗಳನ್ನು ರೆಕ್ಕೆಯಂತೆ ಚಾಚಿ, ತಲೆಯನ್ನು ಒಮ್ಮೆಗೇ ತಿರುಗಿಸಿ ಹಾಡುತ್ತಿದ್ದರು. ಅಂಚಿನಲ್ಲಿ ತಿನೈ ತನ್ನನ್ನೇ ಕಂಡಳು, ಕಣ್ಣು ಊದಿಕೊಂಡಿದ್ದವು. ನಡುವೆ ಅಪ್ಪ ಯೊತೇಬ. ಯಾವನೋ ಪ್ರವಾಸಿ ಹಿಂದೆ ನಿಂತು ಹಿಡಿದುಕೊಂಡು ಹೋಗಿದ್ದಿರಬೇಕು. ಕೆಳಗೆ ಬರೆದಿತ್ತು: 'ದ್ವೀಪದ ಹಳೆಯ ಸ್ವಾಗತ ಗೀತೆ. ಕಟ್ಟಿದವರು ಯಾರೆಂದು ತಿಳಿಯದು. ಯಾರು ಬೇಕಾದರೂ ಬಳಸಬಹುದು.'

ಅದು ಸ್ವಾಗತ ಗೀತೆಯಾಗಿರಲಿಲ್ಲ. ತಿನೈಯ ತಮ್ಮ ತಿಮೋನ್ ಮೀನಿಗೆ ಹೋದವನು ಹಿಂತಿರುಗಲಿಲ್ಲ. ದೋಣಿಯ ಎಂಜಿನ್ ನಿಂತು, ಪ್ರವಾಹ ಪಡುವಣಕ್ಕೆ ಎಳೆದುಕೊಂಡು ಹೋಗಿರಬೇಕು ಎಂದರು. ದೋಣಿ ಸಿಗಲಿಲ್ಲ, ದೇಹ ಸಿಗಲಿಲ್ಲ, ಗೋರಿ ಕಟ್ಟಲು ಏನೂ ಇರಲಿಲ್ಲ. ಹಾಡು ಕಟ್ಟುವ ಮನೆತನದವನಾದ ಅಪ್ಪ ಒಂದು ಹಾಡು ಕಟ್ಟಿದ. ಅದರ ಕೊನೆಯಲ್ಲಿ 'ತಿಮೋನ್, ಪಡುವಣದ ನೀರು ನಿನ್ನ ಹೆಸರು ಕಲಿತಿತೇ?' ಎಂಬ ಸಾಲು ಬರುತ್ತಿತ್ತು. ವರ್ಷಕ್ಕೊಮ್ಮೆ, ಅವನು ಹೋದ ದಿನ, ಮನೆಯವರು ಮಾತ್ರ ಮನೆಯಾಬದಲ್ಲಿ ಕೂತು ಅದನ್ನು ಹಾಡುತ್ತಿದ್ದರು. ತಿಮೋನನ ಹೆಸರು ಉಳಿದದ್ದು ಅದೊಂದರಲ್ಲೇ.

ಆದರೆ ಆಗ ತಿನೈಗೆ ಅನ್ನಿಸಿದ್ದು ಬೇರೆಯೇ. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು? ಸುಳ್ಳು ವಿವರಣೆ ಇದೆ, ಕದ್ದ ಹಾಡಿದೆ. ಮನೆಯ ನೋವನ್ನು ತರಗತಿಗೆ ತರಬೇಕೇ ಎಂದು ಒಂದು ಗಳಿಗೆ ಹಿಂಜರಿದಳು. ತಂದಳು.

"ಇವ್ರು ಮಾಡಿದ ತಪ್ಪೇನು?"

"ಕೇಳ್ಲಿಲ್ಲ."

"ಸರಿಯಾಗಿ ಮಾಡೋದಾದ್ರೆ?"

"ಕಟ್ಟಿದವರನ್ನ ಹುಡುಕ್ಬೇಕು. ಕೇಳ್ಬೇಕು. ಹೂಂ ಅಂದ್ರೆ ಅವ್ರ ಹೆಸರು ಹಾಕಿ ಬಳಸ್ಬೇಕು."

"ಅಂದ್ರೆ ಬುಬುತಿ ಮಾಡ್ಬೇಕು ಅನ್ನಿ ಮಿಸ್!" ಎಂದ ಹಿಂದಿನ ಬೆಂಚಿನವನು. ಮತ್ತೆ ನಗು.

ನಗು ಬರುವಂಥದ್ದೇ. ನೆಂಟನಾದವನು ಬಂದು ನಿನ್ನದೊಂದು ಕೊಡು ಎಂದು ಬುಬುತಿ ಮಾಡಿದರೆ ಇಲ್ಲ ಅನ್ನುವ ಹಾಗಿಲ್ಲ. ಅಂದವನು ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ತಿನೈಯ ಸ್ಕೂಟರ್ ಹಾಗೇ ಹೋಗಿತ್ತು, ಅಪ್ಪನ ಒಳ್ಳೆಯ ಬಲೆ ಹಾಗೇ ಹೋಗಿತ್ತು. ಮನೆಯ ರೇಡಿಯೋ ಹಾಗೇ ಬಂದಿತ್ತು ಕೂಡ.

"ಇದು ಬುಬುತಿ ಅಲ್ಲ" ಎಂದಳು ತಿನೈ, ತಾಳ್ಮೆಯಿಂದ. "ಒಪ್ಪಿಗೆ ಅಂದ್ರೆ ಬೇರೆ. ಅವ್ರು ಬೇಡ ಅಂದ್ರೆ ಬಿಟ್ಬಿಡ್ಬೇಕು. ಅದಕ್ಕೇ ಕೇಳೋವಾಗ್ಲೇ ಹೇಳಿ, ನೀವು ಬೇಡ ಅನ್ನಬಹುದು, ನನಗೇನೂ ಬೇಜಾರಿಲ್ಲ ಅಂತ. ಅದನ್ನ ಹೇಳದೆ ಕೇಳಿದ್ರೆ ಅದು ಕೇಳಿದ ಹಾಗೇ ಅಲ್ಲ."

"ಹಂಗೇನಾದ್ರೂ ಅಂದ್ರೆ ನಮ್ಮಜ್ಜಿ ಚಪ್ಪಲೀಲಿ ಹೊಡೀತಾಳೆ ಮಿಸ್."

ತಿನೈ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕತಿಮೀರ ಬರೆದುಕೊಳ್ಳುತ್ತಿದ್ದಳು.

*

ಕತಿಮೀರ ತನ್ನ ಪ್ರಾಜೆಕ್ಟಿಗೆ ಆ ಹಾಡನ್ನೇ ಆರಿಸಿಕೊಂಡಳು. ಸುಳ್ಳು ವಿವರಣೆಯನ್ನು ತೋರಿಸಿ, ನಿಜವಾಗಿ ಕಟ್ಟಿದವರು ಯಾರೆಂದು ಹೇಳಿ, ಅವರ ಒಪ್ಪಿಗೆಯಿಂದಲೇ ಹಾಡಿ ತೋರಿಸುವುದು. ಅವಳು ಅಪ್ಪನನ್ನು ಕೇಳಲು ಬರುವ ಸಂಜೆ ತಿನೈ ಬೇಕೆಂದೇ ಶಾಲೆಯಲ್ಲಿ ಉಳಿದಳು. ತಾನು ಮನೆಯಲ್ಲಿದ್ದರೆ ಅಪ್ಪ ಮಗಳ ಮುಖ ನೋಡಿಕೊಂಡು ಹೂಂ ಅಂದುಬಿಡಬಹುದು. ಅವನ ಉತ್ತರ ಅವನದೇ ಆಗಿರಬೇಕು.

ವಾಪಸು ಬಂದಾಗ ಮನೆಯ ಮುಂದಿನ ಬುಯಾದ ಮೇಲೆ, ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಆ ಹಲಗೆಯ ಜಗಲಿಯ ಮೇಲೆ, ಅಪ್ಪ ಮತ್ತು ಹುಡುಗಿ ಎದುರುಬದುರು ಕೂತಿದ್ದರು. ಅಪ್ಪ ಅವಳ ಮಣಿಕಟ್ಟು ಹಿಡಿದು ತಿರುಗಿಸುತ್ತಿದ್ದ. "ಕೈ ಅಲ್ಲ, ಬೆರಳ ತುದಿ. ದೋಣಿ ಕಾಣಿಸ್ತಿಲ್ಲ ಅಂತ ಬೆರಳಿಗೆ ಗೊತ್ತಾಗ್ಬೇಕು. ಇನ್ನೊಂದ್ಸಲ." ಲೋಟದಲ್ಲಿ ನೀರಾ ಹಾಗೇ ಇತ್ತು. ತಿನೈ ಸದ್ದು ಮಾಡದೆ ಹಿತ್ತಲಿಗೆ ಹೋಗಿ ಅನ್ನಕ್ಕಿಟ್ಟಳು. ಒಪ್ಪಿಗೆ ಕೇಳಿದವಳಿಗೆ ಹಾಡನ್ನೇ ಕಲಿಸುತ್ತಿದ್ದಾನಲ್ಲ ಎಂದು ಅವಳಿಗೆ ಹೆಮ್ಮೆ. ಅಪ್ಪನಿಗೆ ಮಕ್ಕಳೆಂದರೆ ಇಷ್ಟ ಎಂದುಕೊಂಡಳು. ಹುಡುಗಿ ಎಷ್ಟೋ ಸಂಜೆ ಬಂದಳು. ಕೊನೆಯ ಸಂಜೆ ಅಪ್ಪ ತನ್ನ ತಲೆಯ ಹೂವಿನ ದಂಡೆ ತೆಗೆದು ಅವಳ ತಲೆಗಿಟ್ಟು ಕಳಿಸಿದ.

ಪ್ರಾಜೆಕ್ಟ್ ಬಹಳ ಚೆನ್ನಾಗಿ ಬಂತು. ಬೇತೆರೊ ಅದನ್ನು ಅಕ್ಕಪಕ್ಕದ ದೇಶಗಳ ಶಾಲೆಗಳ ಸ್ಪರ್ಧೆಗೆ ಕಳಿಸಿದರು, ಬಹುಮಾನ ಬಂತು. ಶಾಲೆಯ ಪುಟದಲ್ಲಿ ವಿಡಿಯೋ ಹಾಕಿದರು. "ನೋಡಿ ತಿನೈ ಮಿಸ್, ಒಪ್ಪಿಗೆ ಪಡೆದು ಬಳಸಲಾಗಿದೆ ಅಂತ ಹಾಕಿದ್ದೀರಲ್ಲ, ಆ ಒಂದು ಸಾಲನ್ನ ತೀರ್ಪುಗಾರರು ಎಷ್ಟು ಹೊಗಳಿದ್ದಾರೆ!" ಎಂದರು. ತಿನೈ ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಬಲೆ ಹೆಣೆಯುತ್ತ "ಒಳ್ಳೇದಾಯ್ತು, ಅವ್ಳಿಗೆ ಒಳ್ಳೇದಾಗ್ಲಿ" ಎಂದ.

ತಿಮೋನ್ ಹೋದ ದಿನ ಬಂತು. ಎಂದಿನಂತೆ ಮನೆಯವರೆಲ್ಲ ಮನೆಯಾಬದಲ್ಲಿ ಸೇರಿದರು. ಅನ್ನ, ಸುಟ್ಟ ಮೀನು, ದೀವಿ ಹಲಸು. ಊಟವಾಯಿತು, ಪ್ರಾರ್ಥನೆಯಾಯಿತು. ಹಾಡಿಗೆಂದು ಎಲ್ಲರೂ ಕಾಲು ಮಡಚಿ ಸರಿಯಾಗಿ ಕೂತರು. ಅಪ್ಪ ಎದ್ದು ಚಾಪೆ ಸುತ್ತತೊಡಗಿದ.

"ಅಪ್ಪಾ, ಹಾಡು?"

"ಯಾವ ಹಾಡು?"

"ತಿಮೋನಂದು."

"ಅದು ನಮ್ಮದಲ್ಲ ಈಗ. ಹುಡುಗಿ ಕೇಳಿದ್ಲು, ಕೊಟ್ಟೆ."

ತಿನೈ ನಕ್ಕೇಬಿಟ್ಟಳು. "ಅಯ್ಯೋ, ಅವ್ಳು ಕೇಳಿದ್ದು ಪ್ರಾಜೆಕ್ಟಿಗೆ ಅಪ್ಪ. ಒಂದ್ಸಲ ಹಾಡೋದಕ್ಕೆ. ಹಾಡು ನಮ್ಮದೇ."

"ಇಬ್ಬರ ಬಾಯಲ್ಲಿ ಇರೋಕೆ ಅದೇನು ರೇಡಿಯೋ ಹಾಡಾ?" ಅಪ್ಪ ಚಾಪೆಯನ್ನು ಮಾಡಿನ ತೊಲೆಗೆ ಸಿಕ್ಕಿಸಿದ. "ಬಲೆ ಕೊಟ್ಟ ಮೇಲೆ ಆ ಬಲೇಲಿ ನಾನು ಮೀನು ಹಿಡೀತೀನಾ?"

"ಬೇಡ ಅನ್ನಬಹುದು ಅಂತ ಅವ್ಳು ಹೇಳ್ಲಿಲ್ವಾ? ಹೇಳು ಅಂತ ನಾನೇ ಹೇಳಿದ್ದೆ!"

ಅಪ್ಪ ತಿರುಗಿ ಮಗಳನ್ನು ನೋಡಿದ.

"ನೀನಾ ಹೇಳಿಕೊಟ್ಟಿದ್ದು ಅದನ್ನ?"

ತಿನೈ ಹೌದೆಂದು ತಲೆಯಾಡಿಸಿದಳು.

"ಹೇಳಿದ್ಲು. ಅಜ್ಜ, ನೀವು ಬೇಡ ಅಂದ್ರೂ ನಂಗೇನೂ ಬೇಜಾರಿಲ್ಲ ಅಂದ್ಲು. ನಂಗೆ ಮೈಯೆಲ್ಲ ಉರಿದುಹೋಯ್ತು. ನೆಂಟರ ಕೂಸು, ಮೊದಲನೇ ಸಲ ಏನೋ ಕೇಳೋಕೆ ಬಂದಿದೆ, ಬಂದೋಳು ಇವನು ಇಲ್ಲ ಅನ್ನೋನು ಅಂತ ಮೊದ್ಲೇ ತಿಳ್ಕೊಂಡು ಬಂದಿದ್ದಾಳೆ. ಯೊತೇಬ ಜಿಪುಣ ಅಂತ ಅವರ ಮನೇಲಿ ಮಾತಾಗಿರ್ಬೇಕು ಅಂದ್ಕೊಂಡೆ. ಅದಕ್ಕೇ ಪೂರ್ತಿ ಕೊಟ್ಟೆ. ಕೈ, ಕತ್ತು, ಕಣ್ಣು, ಎಲ್ಲ." ಅವನು ಚಾಪೆಯ ತುದಿಯನ್ನು ತೊಲೆಯ ಸಂದಿಗೆ ಇನ್ನಷ್ಟು ತಳ್ಳಿದ. "ಬರೀ ಕೇಳಿದ್ದಿದ್ರೆ ಇನ್ನೊಂದು ಹಾಡು ಕಟ್ಟಿಕೊಡ್ತೀನಿ ಕಣೇ, ಇದು ಬೇಡ ಅಂತ ಏನಾದ್ರೂ ತಮಾಷೆ ಮಾಡಿ ಜಾರಿಕೊಳ್ಬಹುದಿತ್ತು. ಹಾಗಂದ ಮೇಲೆ ಜಾರೋಕೆ ಜಾಗ ಎಲ್ಲಿ?"

ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಪಾತ್ರೆಗಳ ಸದ್ದಾಯಿತು. ತಿನೈ ಒಬ್ಬಳೇ ಕಾಲು ಮಡಚಿಕೊಂಡು ಕೂತಿದ್ದಳು.

*

ಮರುದಿನ ಅವಳು ಬೇತೆರೊ ಅವರ ಬಳಿ ಹೋಗಿ ವಿಡಿಯೋ ತೆಗೆಯಿರಿ ಎಂದಳು. "ಯಾಕಮ್ಮಾ, ಒಪ್ಪಿಗೆ ಇದೆಯಲ್ಲ?" ಎಂದರು ಅವರು, ನಿಜಕ್ಕೂ ಅರ್ಥವಾಗದೆ. ಪ್ರವಾಸಿ ಹಾಕಿದ್ದ ಹಳೆಯ ವಿಡಿಯೋದ ವಿರುದ್ಧ ದೂರು ಬರೆಯಲು ಕೂತಳು. 'ಈ ಹಾಡಿನ ಹಕ್ಕುದಾರರು ನೀವೇ?' ಎಂದು ಪರದೆ ಕೇಳಿತು. ಹೌದು ಎಂದು ಒತ್ತಲು ಬೆರಳು ಬರಲಿಲ್ಲ. ಅಪ್ಪನನ್ನು ಕೇಳಿದರೆ ಅವನು ಅಲ್ಲ ಅನ್ನುತ್ತಾನೆ. ಸುಳ್ಳು ಹೇಳಬಾರದೆಂದು ತಾನೇ ಕಲಿಸಿದವಳು. ಕಂಪ್ಯೂಟರ್ ಮುಚ್ಚಿದಳು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು, ಅದೂ ಕತಿಮೀರಳಿಂದಲೇ. ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಅವಳು ಲಂಗದ ಅಂಚು ತಿರುಚುತ್ತಿದ್ದಳು.

"ಮಿಸ್, ಸ್ವಾತಂತ್ರ್ಯದ ದಿನದ ಕುಣಿತದ ಪೋಟೀಲಿ ನಮ್ಮಪ್ಪ ನಡೆಸೋ ತಂಡ ಆ ಹಾಡು ತಗೊಂಡಿದೆ. ಅಪ್ಪ ಹೆಸರು ಬದಲಾಯಿಸ್ತಿದ್ದಾನೆ."

"ಯಾವ ಹೆಸರು?"

"ಕೊನೇಲಿ ಬರೋದು. ತಿಮೋನ್ ಅಂತ ಇದ್ದದ್ದನ್ನ ತಂಡದ ಹೆಸರು ಮಾಡಿದ್ದಾನೆ. ನಾನು ಬೇಡ ಅಂದೆ ಮಿಸ್. ಸುಮ್ನಿರೇ, ನೀನು ಕೇಳಿ ತಂದದ್ದಲ್ವಾ, ಈಗ ನಮ್ಮದು ಅಂದ."

ತಿನೈ ಆ ಸಂಜೆಯೇ ಅವರ ಮನೆಗೆ ಹೋದಳು. ಕತಿಮೀರಳ ಅಪ್ಪ ಬುಯಾದ ಮೇಲೆ ನಾಲ್ಕು ಜನರ ಜೊತೆ ಇಸ್ಪೀಟು ಆಡುತ್ತಿದ್ದ. ಅವಳನ್ನು ಕಂಡು ಎದ್ದು ಜಾಗ ಬಿಟ್ಟ, ಹೆಂಡತಿಗೆ ಚಹಾ ಇಡಲು ಹೇಳಿದ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ.

"ತಿಮೋನ್ ನಂಗೂ ಗೊತ್ತಿದ್ದ ಹುಡುಗನೇ ಅಕ್ಕ" ಎಂದ. "ಜೊತೇಲಿ ಮೀನಿಗೆ ಹೋದವ್ರು ನಾವು. ಆದ್ರೆ ಪೋಟೀಲಿ ಸತ್ತವರ ಹೆಸರು ಹೇಳ್ಕೊಂಡು ಕುಣಿಯೋಕಾಗತ್ತಾ? ನಮ್ಮ ಹಾಡಿನಲ್ಲಿ ನಮ್ಮ ಹೆಸರು ಇರಬೇಡ್ವಾ?"

"ಆ ಹಾಡು ಕಟ್ಟಿದ್ದೇ ಅವ್ನಿಗಾಗಿ."

"ಕದ್ದು ತಂದಿಲ್ಲವಲ್ಲ? ಮಗಳು ಮೂರು ಸಲ ಅಭ್ಯಾಸ ಮಾಡ್ಕೊಂಡು ಹೋದ್ಲು, ಅಜ್ಜನ ಹತ್ರ ಹೇಗೆ ಕೇಳ್ಬೇಕು ಅಂತ. ಮಿಸ್ ಹೇಳಿದ್ದಾರೆ, ಮಿಸ್ ಹೇಳಿದ್ದಾರೆ ಅಂತ ನಮ್ಮ ತಲೆ ತಿಂದ್ಲು. ಬೇರೆ ತಂಡದವ್ರೆಲ್ಲ ಅವರಿವರದ್ದು ಎತ್ಕೊಂಡು ಕುಣೀತಾರೆ. ನಾವು ಕೇಳಿ ತಂದಿದ್ದೀವಿ."

ಅವನ ಮಾತಿನಲ್ಲಿ ಕೊಂಕು ಇತ್ತೋ ಇಲ್ಲವೋ, ಇಸ್ಪೀಟು ಹಿಡಿದವರಲ್ಲೊಬ್ಬ ಮುಖ ತಗ್ಗಿಸಿ ನಕ್ಕ. ಕತಿಮೀರಳ ಅಪ್ಪ ಅವನನ್ನು ಗದರಿದ. ಆಮೇಲೆ ದನಿ ತಗ್ಗಿಸಿ, ಬಹುಶಃ ಒಳ್ಳೆಯ ಮನಸ್ಸಿನಿಂದಲೇ, ಹೇಳಿದ:

"ವಾಪಸ್ ಬೇಕಾ ಅಕ್ಕ? ಕೇಳ್ಬಿಡಿ. ನೀವು ಕೇಳಿದ್ರೆ ನಾನು ಇಲ್ಲ ಅನ್ನೋಕಾಗತ್ತಾ? ಇವರೆಲ್ಲ ಇದ್ದಾರೆ. ಕೇಳಿ."

ಎಲ್ಲರೂ ಎಲೆಗಳನ್ನು ಕೆಳಗಿಟ್ಟರು. ಒಳಗೆ ಪಾತ್ರೆಯ ಸದ್ದು ನಿಂತಿತು. ತಿನೈಯ ನಾಲಿಗೆಯ ತುದಿಯಲ್ಲಿ ಆ ಮಾತಿತ್ತು. ಆಡಿದರೆ ಹಾಡು ಬರುತ್ತಿತ್ತು, ಹೆಸರೂ ಬರುತ್ತಿತ್ತು. ಆದರೆ ನಾಳೆ ಬೆಳಗಾಗುವಷ್ಟರಲ್ಲಿ ದ್ವೀಪದ ಈ ತುದಿಯಿಂದ ಆ ತುದಿಗೆ ಬಸ್ಸುಗಳಲ್ಲೆಲ್ಲ ಒಂದೇ ಮಾತು ಓಡಾಡುತ್ತಿತ್ತು: ಯೊತೇಬ ಒಂದು ಕೂಸಿಗೆ ಕೊಟ್ಟದ್ದನ್ನು ಮಗಳ ಕೈಲಿ ವಾಪಸು ತರಿಸಿಕೊಂಡ. ಜಿಪುಣ ಅನ್ನಿಸಿಕೊಳ್ಳಬಾರದೆಂದು ಮಗನ ಹೆಸರನ್ನೇ ಕೊಟ್ಟ ಮುದುಕ ಆಮೇಲೆ ಯಾವ ಮನೆಯಾಬದಲ್ಲಿ ಕೂರುತ್ತಾನೆ?

"ಚಹಾ ಬೇಡ" ಎಂದಳು ತಿನೈ. "ಕತ್ತಲಾಗತ್ತೆ, ಬರ್ತೀನಿ."

ದಾರಿಯವರೆಗೂ ಕತಿಮೀರ ಹಿಂದೆ ಬಂದಳು. "ನಾನೇನು ತಪ್ಪು ಮಾಡ್ದೆ ಮಿಸ್? ನೀವು ಹೇಳಿದ ಹಾಗೇ ಕೇಳ್ದೆ. ಒಂದು ಮಾತೂ ಬಿಡಲಿಲ್ಲ."

"ನೀನೇನೂ ತಪ್ಪು ಮಾಡಿಲ್ಲ" ಎಂದಳು ತಿನೈ. ಹಾಗೆ ಹೇಳುವಾಗ ತನಗೆ ಆ ಹುಡುಗಿಯ ಮೇಲೆ ಎಂಥ ಸಿಟ್ಟಿದೆ ಎಂಬುದು ಅವಳಿಗೇ ತಿಳಿದು ನಾಚಿಕೆಯಾಯಿತು.

*

ಪೋಟಿಯ ದಿನ ಮೈದಾನದ ಪಕ್ಕದ ದೊಡ್ಡ ಮನೆಯಾಬ ತುಂಬಿ ಹೊರಗೂ ಜನ ನಿಂತಿದ್ದರು. ತಿನೈ ಬರುವುದಿಲ್ಲ ಎಂದಿದ್ದಳು. ಅಪ್ಪ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೊರಟು ನಿಂತದ್ದನ್ನು ಕಂಡು ಬಂದಳು. ಅವನು ಮುಂದಿನ ಸಾಲಿನ ಮುದುಕರ ಜೊತೆ ಕೂತ. ಅವಳಿಗೆ ಹಿಂದೆ ಕಂಬದ ಪಕ್ಕ ಜಾಗ ಸಿಕ್ಕಿತು.

ಕತಿಮೀರ ಮೊದಲ ಸಾಲಿನ ನಡುವೆ ಕೂತಿದ್ದಳು. ಹಿಂದಿನವರು ಮರದ ಪೆಟ್ಟಿಗೆಯನ್ನು ಅಂಗೈಯಿಂದ ಬಡಿಯತೊಡಗಿದರು. ಮೊದಲು ಮೆಲ್ಲಗೆ. ಅವಳ ತಲೆ ತಿರುಗಿತು, ಬೆರಳ ತುದಿ ನಡುಗಿತು. ದೋಣಿ ಕಾಣಿಸುತ್ತಿಲ್ಲವೆಂದು ಬೆರಳಿಗೆ ಗೊತ್ತಾಗಿತ್ತು. ಅಪ್ಪ ಮನೆಯಲ್ಲಿ ಕೂರಿಸಿ ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಅವಳು ಬಿಟ್ಟಿರಲಿಲ್ಲ. ತಿನೈ ಅಷ್ಟು ವರ್ಷ ಹಾಡಿಯೂ ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ. ಸುತ್ತಮುತ್ತ ಎಲ್ಲರ ಕೈಯಲ್ಲೂ ಫೋನುಗಳು ಮೇಲೆದ್ದವು.

ಪೆಟ್ಟಿಗೆಯ ಬಡಿತ ಜೋರಾಯಿತು. ಹಾಡಿನ ಕೊನೆಯ ಸಾಲು ಹತ್ತಿರ ಬರುತ್ತಿದ್ದಂತೆ ಕತಿಮೀರಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆಗ ಮುಂದಿನ ಸಾಲಿನಿಂದ ಅಪ್ಪ ಎದ್ದ. ಚೆನ್ನಾಗಿ ಕುಣಿದವರ ಕತ್ತಿಗೆ ಪೌಡರ್ ಹಾಕುವುದು ನೋಡುವವರ ಮರ್ಯಾದೆ. ಯಾರದೋ ಕೈಯಿಂದ ಡಬ್ಬಿ ಇಸಿದುಕೊಂಡು, ಮೊಣಕಾಲು ನೋವಿನಿಂದ ತೂಗಾಡುತ್ತ, ಅವನು ಅವಳ ಬಳಿ ಹೋಗಿ ಬಾಗಿದ. ಬಿಳಿ ಪುಡಿ ಮೇಲೆದ್ದಿತು. ಹಿಂದಿನ ಸಾಲುಗಳು ತಂಡದ ಹೆಸರನ್ನು ಒಕ್ಕೊರಲಿನಿಂದ ಕೂಗಿದವು. ಜನ ಕೇಕೆ ಹಾಕಿದರು.

ತಂಡ ಗೆದ್ದಿತು. ಆ ರಾತ್ರಿಯೊಳಗೇ ವಿಡಿಯೋಗಳು ಎಲ್ಲೆಡೆ ಹರಡಿದವು, ಬೇರೆ ಬೇರೆ ಕಡೆಯಿಂದ ಹಿಡಿದವು. ಕತಿಮೀರ ಆ ಜಾಗದಲ್ಲಿ 'ತಿಮೋನ್' ಎಂದೇ ಹಾಡಿದಳು, ತಾನು ಕಂಡೆ ಎಂದು ಬೇಕರಿಯಲ್ಲಿ ಒಬ್ಬಳು ತಿನೈಗೆ ಹೇಳಿದಳು. ಇಲ್ಲ, ಎಲ್ಲರೂ ಹೇಳಿದ್ದನ್ನೇ ಹೇಳಿದಳು ಎಂದು ಇನ್ನೊಬ್ಬರು. ಯಾರು ಹೇಳುತ್ತಿದ್ದಾರೆ, ಎಲ್ಲಿ ಕೂತಿದ್ದರು, ಹೇಗೆ ಗೊತ್ತು ಎಂದು ತಿನೈ ಒಳಗೊಳಗೇ ತೂಗಿ ನೋಡಿದಳು. ಸಿಕ್ಕಿದ ವಿಡಿಯೋಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಒಂದರಲ್ಲಿ ಪೆಟ್ಟಿಗೆಯ ಬಡಿತ ಬಿಟ್ಟರೆ ಏನೂ ಕೇಳುವುದಿಲ್ಲ. ಒಂದರಲ್ಲಿ ಪೌಡರಿನ ಹೊಗೆ. ಎಲ್ಲಕ್ಕಿಂತ ಹತ್ತಿರದಿಂದ ಹಿಡಿದದ್ದರಲ್ಲಿ ಆ ಕೊನೆಯ ಸಾಲು ಹಾಡುವಷ್ಟು ಹೊತ್ತೂ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಂದು ಬೆನ್ನು, ಹುಡುಗಿಯ ಮುಖಕ್ಕೆ ಪೂರ್ತಿ ಅಡ್ಡವಾಗಿ.

ಕತಿಮೀರಳನ್ನು ಅವಳು ವಿಚಾರಿಸಲಿಲ್ಲ. ಅಪ್ಪನನ್ನೂ ಇಲ್ಲ, ಅಷ್ಟು ಹತ್ತಿರ ಇದ್ದವನು ಅವನೊಬ್ಬನೇ. ಆ ಮನೆಯಲ್ಲಿ ಈಗ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಆ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಹುಡುಗಿಯ ಬಾಯಿಂದ ಯಾವ ಹೆಸರು ಬಂತು ಎಂದು ನನಗೆ ಗೊತ್ತಿಲ್ಲ.